ತಲಪಾಡಿಯ ಎರಡೂ ಬದಿಯ ಸಾಹೇಬರಿಗೆ

ಕೇರಳ, ಕರ್ನಾಟಕದ ನಡುವಿನ ತಲಪಾಡಿ ಗಡಿಯ ಈಚೆ ಕಾಸರಗೋಡಿನಲ್ಲೂ ಆಚೆ ಮಂಗಳೂರಿನಲ್ಲೂ ಅಧಿಕಾರದಲ್ಲಿರುವ ಎಲ್ಲ ಸಾಹೇಬರಿಗೆ ಬದಿಯಡ್ಕ ಕಡೆಯ ಒಬ್ಬ ನಿವೃತ್ತ ಟೀಚರಿನ ನಮಸ್ಕಾರ.

ಈ ಪತ್ರವನ್ನು ಯಾರ ಹೆಸರಿಗೆ ಬರೆಯುವುದು ಅಂತ ಎರಡು ದಿನ ಯೋಚಿಸಿದೆ. ಈಚೆಯವರಿಗೆ ಬರೆದರೆ "ಅದು ಆಚೆಯವರು ಮಾಡಿದ್ದು" ಅನ್ನುತ್ತೀರಿ. ಆಚೆಯವರಿಗೆ ಬರೆದರೆ "ನೀವು ನಮ್ಮ ರಾಜ್ಯದವರಲ್ಲವಲ್ಲ" ಅನ್ನುತ್ತೀರಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಎರಡೂ ಮಾತು ಕೇಳಿ ನಮಗೆ ಅಭ್ಯಾಸ. ಅದಕ್ಕೇ ಇಬ್ಬರಿಗೂ ಒಟ್ಟಿಗೆ, ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. 31 ವರ್ಷ ಪಾಠ ಮಾಡಿದವಳು, ಅಷ್ಟು ಗೊತ್ತುಂಟು.

ಕಳೆದ ತಿಂಗಳ ಕೊನೆಗೆ ನಾನು ದುಬೈಯಿಂದ ಬಂದೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದು ಕಾರಿನಲ್ಲಿ ಊರಿಗೆ ಬರುವಾಗ, ಗಡಿ ಹತ್ತಿರ ಡ್ರೈವರ್ ತನ್ನಷ್ಟಕ್ಕೆ ಸ್ಲೋ ಮಾಡಿದ. ಯಾರೂ ಕೈ ಅಡ್ಡ ಹಿಡಿದಿರಲಿಲ್ಲ. ರಸ್ತೆ ಬದಿ ಕೊರೊನಾ ಕಾಲದ ತಪಾಸಣೆಯ ತಗಡಿನ ಶೆಡ್ಡೊಂದು ಇತ್ತು. ಒಳಗೆ ಕಾಲು ಮುರಿದ ಒಂದು ಪ್ಲಾಸ್ಟಿಕ್ ಕುರ್ಚಿ. ಕಂಬಕ್ಕೆ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿ ಒಂದು ನೋಟೀಸು, ಮಳೆಗೆ ನೆನೆದು ಬಿಸಿಲಿಗೆ ಒಣಗಿ ಅಕ್ಷರವೆಲ್ಲ ಮಾಸಿದ್ದು. "ಎಂತಕ್ಕೆ ಮಾರಾಯ ನಿಲ್ಲಿಸಿದ್ದು?" ಅಂದೆ. "ಅಭ್ಯಾಸ ಟೀಚರೇ" ಅಂದ.

ಆ ಅಭ್ಯಾಸದ ಬಗ್ಗೆಯೇ ಈ ಪತ್ರ. ಆದರೆ ಅದಕ್ಕೆ ಮೊದಲು ನೀವು ಸ್ವಲ್ಪ ದುಬೈ ಕಥೆ ಕೇಳಬೇಕು. ಸ್ವಲ್ಪ ಅಲ್ಲ, ಜಾಸ್ತಿಯೇ.

ಮಗ, ಸೊಸೆ ಇರುವುದು ಕರಾಮದಲ್ಲಿ. ಮೊಮ್ಮಗಳು ಹುಟ್ಟಿದ್ದು 2020ರ ಜುಲೈಯಲ್ಲಿ. ಬಾಣಂತನಕ್ಕೆ ಹೋಗಬೇಕು ಅಂತ ನಾನು ಲೇಹ್ಯ, ಎಣ್ಣೆ ಎಲ್ಲ ತಯಾರು ಮಾಡಿ ಇಟ್ಟಿದ್ದೆ. ವಿಮಾನವೇ ನಿಂತಿತು. ಇಪ್ಪತ್ತು ತಿಂಗಳು ಅವಳು ಫೋನಿನ ಒಳಗೇ ಕೂತಳು, ಎದ್ದಳು, ನಡೆದಳು, "ಅಜ್ಜಿ" ಅಂದಳು. 2022ರ ಫೆಬ್ರವರಿ 22ರಿಂದ ಇಲ್ಲಿಂದ ದುಬೈಗೆ ಹೋಗುವವರಿಗೆ ವಿಮಾನ ನಿಲ್ದಾಣದಲ್ಲಿ ಮಾಡುತ್ತಿದ್ದ ರಾಪಿಡ್ ಟೆಸ್ಟು ಬೇಡ ಅಂತಾಯಿತು. 26ಕ್ಕೆ ಅಲ್ಲಿ ಬಯಲಲ್ಲಿ ಮಾಸ್ಕ್ ಹಾಕಲೇಬೇಕು ಅನ್ನುವುದೂ ಹೋಯಿತು. ಅಂಗಡಿ, ಮೆಟ್ರೋ ಒಳಗೆ ಮಾತ್ರ ಬೇಕಿತ್ತು. ಮಗ ಫೋನ್ ಮಾಡಿ "ಇನ್ನು ಎಂತಕ್ಕಮ್ಮ ಕಾಯುವುದು, ಹೊರಡು" ಅಂದ. ಇವರು ಬರಲಿಲ್ಲ. ದನ ಉಂಟು, ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವವರು ಯಾರು ಅಂದರು.

ಬಜ್ಪೆಯಿಂದ ದುಬೈಗೆ ಮೂರೂವರೆ ಗಂಟೆ. ಕಾಸರಗೋಡಿನಲ್ಲಿ ರೈಲು ಹತ್ತಿ ನಮ್ಮ ರಾಜಧಾನಿ ತಿರುವನಂತಪುರ ಮುಟ್ಟಲು ಒಂದು ಇಡೀ ರಾತ್ರಿ ಬೇಕು. ನಮಗೆ ದುಬೈ ಹತ್ತಿರದ ಊರು ಅನ್ನುವುದು ಸುಮ್ನೆ ಹೇಳುವ ಮಾತಲ್ಲ.

ಮರುಭೂಮಿಗೆ ವಸಂತ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ವಸಂತ ಅಂದರೆ ಚಿಗುರು, ಮಾವಿನ ಹೂ, ಕೋಗಿಲೆ ಅಂತ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಅಲ್ಲಿ ವಸಂತ ಅಂದರೆ ಏಸಿ ಆಫ್ ಮಾಡಿ ಕಿಟಕಿ ತೆರೆಯುವ ಕಾಲ. ಮಾರ್ಚಿನಲ್ಲಿ ಹಗಲು 27, 28 ಡಿಗ್ರಿ. ರಾತ್ರಿ ಹೊರಗೆ ಕೂರಲು ಒಂದು ಶಾಲು ಬೇಕು. ಇಲ್ಲಿ ಇವರು ಫೋನಿನಲ್ಲಿ "ಬೆವರು ಧಾರೆ ಧಾರೆ" ಅನ್ನುವಾಗ ನಾನು ಅಲ್ಲಿ ಶಾಲು ಹೊದ್ದು ಕೂತಿದ್ದೆ. ರಸ್ತೆ ಬದಿಯಲ್ಲಿ ಕೆಂಪು, ಬಿಳಿ, ನೇರಳೆ ಪೆಟೂನಿಯಾ ಹೂವಿನ ಹಾಸು. ಗಿಡಗಳ ಬುಡದಲ್ಲಿ ಕರಿ ಪೈಪು. ಮನೆ ಮನೆಯ ಕೊಳೆ ನೀರನ್ನು ಶುದ್ಧ ಮಾಡಿ ಆ ಪೈಪಿನಲ್ಲಿ ಬಿಡುತ್ತಾರೆ. ಕುಡಿಯುವ ನೀರು ಸಮುದ್ರದ್ದು, ಉಪ್ಪು ತೆಗೆದದ್ದು. ಸೆಖೆ ಏರಿದ ಕೂಡಲೇ ಈ ಹೂವನ್ನೆಲ್ಲ ಕಿತ್ತು ಹಾಕುತ್ತಾರಂತೆ. ಲೆಕ್ಕಾಚಾರದ ವಸಂತ. ಆದರೂ ಚಂದ.

ಕಿಟಕಿ ತೆರೆದದ್ದಕ್ಕೆ ಇನ್ನೊಂದು ಅರ್ಥವೂ ಇತ್ತು ಈ ಸಲ. ಬೆಳಿಗ್ಗೆ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿ ಪಾರ್ಕಿಗೆ ಹೋಗುತ್ತಿದ್ದೆ. ಯಾರೂ ಪಕ್ಕನೆ ಮಾಸ್ಕ್ ತೆಗೆದು ಬಿಸಾಡಲಿಲ್ಲ. ಮೊದಲ ವಾರ ಅದು ಗಲ್ಲಕ್ಕೆ ಇಳಿಯಿತು. ಎರಡನೇ ವಾರ ಮೊಣಕೈಗೆ ಬಂತು, ತೋಳ್ಬಳೆಯ ಹಾಗೆ. ಆಮೇಲೆ ಕಿಸೆ ಸೇರಿತು. ದಿನಾ ಅದೇ ಬೆಂಚಿಗೆ ಬರುವ ಲಾಹೋರಿನ ಅಜ್ಜಿ ಒಬ್ಬರಿದ್ದರು. ನನ್ನ ಹಿಂದಿ ಹರಕು, ಅವರ ಉರ್ದು ಹಾಡಿನ ಹಾಗೆ. ಎರಡು ವಾರ ಬರೀ ಕಣ್ಣು ನೋಡಿ ಮಾತಾಡಿದ್ದೆವು. ಅವರು ಮಾಸ್ಕ್ ತೆಗೆದ ದಿನ ನೋಡಿದರೆ ಮುಂದಿನ ಎರಡು ಹಲ್ಲಿಲ್ಲ. ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರಿಗೂ ತಡೆಯಲಾಗದ ನಗು.

ಮೊಮ್ಮಗಳಿಗೆ ಮಾತ್ರ ಈ ಸಡಿಲಿಕೆ ಸರಿ ಬರಲಿಲ್ಲ. ಬಾಗಿಲ ಹಿಂದೆ ಒಂದು ಕೊಕ್ಕೆ, ಅದರಲ್ಲಿ ಎಲ್ಲರ ಮಾಸ್ಕ್. ಅಪ್ಪ ಚಪ್ಪಲಿ ಹಾಕಿದ ಅಂದರೆ ಓಡಿ ಹೋಗಿ ಕೊಕ್ಕೆ ಕೆಳಗೆ ಕೈ ಎತ್ತಿ ನಿಲ್ಲುತ್ತಾಳೆ, "ಮಾಕ್ಕು" ಅಂತ. ಬೇಡ ಪುಟ್ಟಾ ಅಂದರೆ ಅಳು. ಅವಳು ಹುಟ್ಟಿದ ಮೇಲೆ ಮನೆಯಿಂದ ಹೊರಗೆ ಹೋಗುವುದು ಅಂದರೆ ಹಾಗೆಯೇ, ಅಲ್ವಾ? ಕೊನೆಗೆ ಸೊಸೆ ಆ ಕೊಕ್ಕೆಯನ್ನೇ ತೆಗೆದಳು. ಮಾಸ್ಕ್ ಬ್ಯಾಗಿಗೆ ಹೋಯಿತು. ನಾಲ್ಕು ದಿನದಲ್ಲಿ ಮಗು ಮರೆತಿತು.

ಪಾರ್ಕಿನ ಮೂಲೆಯಲ್ಲಿ ಒಂದು ಮರ. ಸಣ್ಣ ಎಲೆ, ಜೋತು ಬಿದ್ದ ಕೊಂಬೆ, ಕಡ್ಡಿ ಕಡ್ಡಿಯಂಥ ಹಳದಿ ಹೂ. ಘಾಫ್ ಅನ್ನುತ್ತಾರೆ, ಆ ದೇಶದ ರಾಷ್ಟ್ರೀಯ ಮರ. ಮಗ ಫೋನಿನಲ್ಲಿ ನೋಡಿ ಹೇಳಿದ, ಇದು ನಮ್ಮ ಬನ್ನಿ ಮರವೇ ಅಂತ. ಪಾಂಡವರು ಆಯುಧ ಬಚ್ಚಿಟ್ಟ ಮರ ಅಂತ ಎಷ್ಟೋ ಮಕ್ಕಳಿಗೆ ಪಾಠ ಮಾಡಿದ್ದೇನೆ. ನಮ್ಮ ಮಳೆಯ ಊರಿನಲ್ಲಿ ಬನ್ನಿ ಎಲ್ಲಿಂದ ಬರಬೇಕು? ಮರವನ್ನು ಕಣ್ಣಾರೆ ನೋಡಲು 63ನೇ ವಯಸ್ಸಿನಲ್ಲಿ ದುಬೈಗೆ ಹೋಗಬೇಕಾಯಿತು.

ಇನ್ನೊಂದು ಹೇಳಲೇಬೇಕು, ಅಡಿಕೆ ತೋಟದವಳು ನಾನು. ರಸ್ತೆ ನಡುವಿನ ಖರ್ಜೂರದ ಮರಕ್ಕೆ ಒಬ್ಬ ಏಣಿ ಇಟ್ಟು ಹತ್ತಿದ್ದ. ಹೆಗಲಲ್ಲಿ ಚೀಲ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನು ನಂಬಿದರೆ ಫಸಲು ಕಡಿಮೆ. ಅದಕ್ಕೆ ವಸಂತ ಬಂದ ಕೂಡಲೇ ಮನುಷ್ಯರೇ ಆ ಕೆಲಸ ಮಾಡುತ್ತಾರೆ. ಚೀಲದಿಂದ ಗಂಡು ಹೂವಿನ ನಾಲ್ಕು ಎಳೆ ತೆಗೆದ, ಬುಡಮೇಲು ಮಾಡಿ ಹೆಣ್ಣು ಹಿಂಗಾರದ ನಡುವೆ ಸಿಕ್ಕಿಸಿದ, ಗರಿಯ ಸಿಬಿರಿನಿಂದ ಸಡಿಲವಾಗಿ ಒಂದು ಕಟ್ಟು ಹಾಕಿದ. ಬೆಳೆಯುವಾಗ ಅದು ತಾನೇ ಬಿಚ್ಚಿಕೊಳ್ಳಬೇಕು, ಅಷ್ಟೇ ಸಡಿಲ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಹೈಬ್ರಿಡ್ ತೆಂಗಿಗೆ ಕೈಯಲ್ಲೇ ಪರಾಗ ಹಾಕುವುದನ್ನು ತೋರಿಸಿದ್ದರು. 1916ರಲ್ಲಿ ತೆಂಗು ಸಂಶೋಧನೆಗೆ ಅಂತ ಶುರುವಾದ ಜಾಗ ಅದು. ಏಣಿ ಮೇಲಿನವನಿಗೆ ಕೆಳಗಿನಿಂದ "ನಮ್ಮಲ್ಲೂ ಉಂಟಪ್ಪ ಇದು" ಅಂದೆ. ಅವನಿಗೆ ಕನ್ನಡ ಬರುವುದಿಲ್ಲ. ಕೈ ಬೀಸಿದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಮಗನ ಬಿಲ್ಡಿಂಗಿನ ಕೆಳಗೆ ಒಂದು ಗ್ರೋಸರಿ. ನಡೆಸುವ ಹುಡುಗ ಉಪ್ಪಳ ಕಡೆಯವನು. ತುಳು, ಬ್ಯಾರಿ, ಮಲಯಾಳ, ಕನ್ನಡ, ಹಿಂದಿ, ಅರಬಿ ಎಲ್ಲ ಒಂದೇ ಉಸಿರಿನಲ್ಲಿ ಮಾತಾಡುತ್ತಾನೆ. ಒಂದು ಮಧ್ಯಾಹ್ನ ಹಾಲಿಗೆ ಹೋದರೆ ಅವನು ಅಂಗಡಿ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಒಂದು ಕೈಯಲ್ಲಿ ಬ್ಲೇಡು, ಇನ್ನೊಂದರಲ್ಲಿ ಕೂದಲು ಒಣಗಿಸುವ ಡ್ರೈಯರ್. ನೆಲಕ್ಕೆ ಅಂಟಿಸಿದ್ದ ಹಳದಿ ಪಾದಗಳು ಇರುತ್ತವಲ್ಲ, ಆರಡಿಗೊಂದು, ಇಲ್ಲಿ ನಿಲ್ಲಿ ಅಂತ? ಅದನ್ನು ಬಿಸಿ ಮಾಡಿ ಕೆರೆಯುತ್ತಿದ್ದ. ಎರಡು ವರ್ಷ ಜನ ಮೆಟ್ಟಿ ಮೆಟ್ಟಿ ಅಂಟು ಕಲ್ಲಾಗಿತ್ತು. ಹೆಬ್ಬೆರಳು, ಹಿಮ್ಮಡಿ, ಹೀಗೆ ತುಂಡು ತುಂಡಾಗಿ ಏಳುತ್ತಿತ್ತು.

"ತೆಗೆಯಲೇಬೇಕು ಅಂತ ಆರ್ಡರಾ?" ಕೇಳಿದೆ.

"ಆರ್ಡರ್ ಎಂತದ್ದೂ ಇಲ್ಲ ಟೀಚರೇ. ಇದು ಇದ್ದರೆ ಜನ ನಿಲ್ಲುತ್ತಾರೆ. ಅಂಗಡಿ ಖಾಲಿ ಇದ್ದರೂ ನಿಲ್ಲುತ್ತಾರೆ. ಕಾಲು ಕಂಡ ಕೂಡಲೇ ನಿಲ್ಲುತ್ತಾರೆ."

ಸಾಹೇಬರೇ, ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪತ್ರದ ಕೊನೆಗೆ ಬೇಕಾಗುತ್ತದೆ.

ಶುಕ್ರವಾರ ಮಧ್ಯಾಹ್ನದ ಮೇಲೆ ಮಗನಿಗೆ ರಜೆ. 2022ರ ಜನವರಿಯಿಂದ ಅಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿತ್ತು, ಶುಕ್ರವಾರ ಅರ್ಧ ದಿನ ಕೆಲಸ. ಸಂಜೆ ನಾವು ಅಬ್ರಾ ಹತ್ತುತ್ತಿದ್ದೆವು. ಮರದ ದೋಣಿ, ಒಂದು ದಿರಂ, ಕ್ರೀಕಿನ ಈ ದಡದಿಂದ ಆ ದಡಕ್ಕೆ. ನಡುವೆ ಹಲಗೆ, ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು. ಎರಡು ವರ್ಷದ ಮೇಲೆ ಮೊದಲ ಸಲ ಗುರುತಿಲ್ಲದವರ ಬೆನ್ನು ನನ್ನ ಬೆನ್ನಿಗೆ ತಾಗಿತು. ಮೊದಲು ಮೈ ಬಿಗಿಯಾಯಿತು. ಆಮೇಲೆ ಎಂತ ಹೇಳಲಿ, ಬಸ್ಸಿನಲ್ಲಿ ಕುಂಬಳೆಗೆ ಹೋದ ಹಾಗೆ ಆಯಿತು. ಚಳಿಗಾಲಕ್ಕೆ ಬಂದ ಕಡಲಹಕ್ಕಿಗಳು ಇನ್ನೂ ಹೊರಟಿರಲಿಲ್ಲ, ಬ್ರೆಡ್ಡಿನ ತುಂಡಿಗೆ ದೋಣಿಯ ಮೇಲೆಯೇ ಸುತ್ತುತ್ತಿದ್ದವು.

ಆಚೆ ದಡ ದೇರಾ. ಅಲ್ಲಿಂದ ನಡೆದರೆ ನೈಫ್. ಕಾಸರಗೋಡಿನವರಿಗೆ ನೈಫ್ ಯಾವುದು ಅಂತ ಹೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ನಮ್ಮ ಜಿಲ್ಲೆಯ ಹೆಸರು ಟಿವಿಯಲ್ಲಿ ದಿನಾ ಬಂದದ್ದು ಅಲ್ಲಿಂದ ಬಂದವರ ಲೆಕ್ಕದಲ್ಲೇ. ನನ್ನ ತಮ್ಮನ ಮಗ ಅಲ್ಲೇ ಮೊಬೈಲ್ ಕವರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಒಂದು ರೂಮು, ಎಂಟು ಜನ, ಮೇಲೊಂದು ಕೆಳಗೊಂದು ಮಂಚ. ಆಗ ಇಡೀ ನೈಫ್ ಬಂದ್ ಮಾಡಿದಾಗ ಅವನಿಗೆ ಒಂದು ಮಂಚ, ಒಂದು ಕಿಟಕಿ. ಊಟದ ಪೊಟ್ಟಣ ಬಾಗಿಲಿಗೆ ಬರುತ್ತಿತ್ತು. ಹೊರಗೆ ಬರಬೇಡಿ ಅನ್ನುವ ಸೂಚನೆ ಅರಬಿ, ಇಂಗ್ಲಿಷಿನ ಜೊತೆ ಹಿಂದಿ, ಉರ್ದು, ಮಲಯಾಳದಲ್ಲೂ ಬಂತು ಅಂದ. "ಯಾವಾಗ ಮುಗಿಯುತ್ತದೆ ಅಂತ ಗೊತ್ತಿದ್ದರೆ ಮಂಚದಲ್ಲಿ ಹೇಗೂ ಮಲಗಬಹುದು ಅತ್ತೆ" ಅಂದ. ನಾವು ಹೋದ ದಿನ ಅದೇ ಗಲ್ಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕೆಫೆಟೇರಿಯಾ ಮುಂದೆ ನಿಂತು ಕಾಗದದ ಕಪ್ಪಿನಲ್ಲಿ ಕಡಕ್ ಚಾ ಕುಡಿದೆವು.

ಆಗ ದುಬೈಯಲ್ಲಿ ನಡೆಯುತ್ತಿದ್ದ ವಿಶ್ವ ಮೇಳ, ಎಕ್ಸ್‌ಪೋ ಬಗ್ಗೆ ಒಂದೇ ಮಾತು. 60 ದಾಟಿದವರಿಗೆ ಟಿಕೆಟ್ ಇಲ್ಲ ಅಂತ ಹೋದದ್ದು. ನಡೆದು ನಡೆದು ಕಾಲು ಹೋಯಿತು. ಎತ್ತರದ ಕಲ್ಲಿನ ಗೋಡೆಯಿಂದ ನೀರು ಅಲೆ ಅಲೆಯಾಗಿ ಇಳಿಯುವ ಒಂದು ಜಾಗವಿತ್ತು, ಅಲ್ಲಿ ಮಾತ್ರ ಮೊಮ್ಮಗಳನ್ನು ಎಬ್ಬಿಸಲಾಗಲಿಲ್ಲ. ನನ್ನನ್ನೂ. ಮಾರ್ಚ್ 31ಕ್ಕೆ ಅದು ಮುಗಿಯಿತು.

ಎರಡು ದಿನ ಕಳೆದು ಏಪ್ರಿಲ್ 2. ಆ ದಿನ ಯುಗಾದಿ, ಆ ದಿನವೇ ಅಲ್ಲಿ ರಂಜಾನಿನ ಮೊದಲ ಉಪವಾಸ. ನಮಗೆ ಹೊಸ ವರ್ಷ ಬಿಸು ದಿನ, ಯುಗಾದಿ ಅಷ್ಟಕ್ಕಷ್ಟೇ. ಆದರೆ ಪಕ್ಕದ ಫ್ಲ್ಯಾಟಿನಲ್ಲಿ ದಾವಣಗೆರೆಯವರು. ಬೇವು ಬೆಲ್ಲ ತಂದು ಕೊಟ್ಟರು. ಬೇವಿಗೇನು ಬರ, ರಸ್ತೆ ಬದಿ ಪೂರ್ತಿ ಬೇವಿನ ಮರವೇ. ಸಂಜೆ ಎದುರು ಮನೆಯ ಮಂಜೇಶ್ವರದ ಬ್ಯಾರಿ ಹುಡುಗಿ ಇಫ್ತಾರಿಗೆ ಮಾಡಿದ್ದನ್ನು ಒಂದು ತಟ್ಟೆ ಮುಚ್ಚಿ ತಂದಳು. ಎರಡು ವರ್ಷ ತಟ್ಟೆ ಬಾಗಿಲ ಹೊರಗೆ ಇಟ್ಟು, ಬೆಲ್ ಮಾಡಿ, ಹಿಂದೆ ಸರಿದು ನಿಲ್ಲುತ್ತಿದ್ದಳಂತೆ. ಆ ದಿನವೂ ಇಟ್ಟು ಹಿಂದೆ ಸರಿದಳು. ಮತ್ತೆ ತಾನೇ ನಕ್ಕು, ತಟ್ಟೆ ಎತ್ತಿಕೊಂಡು ಒಳಗೆ ಬಂದಳು. ಬಿಸುವಿಗೆ ಸೂಪರ್ ಮಾರ್ಕೆಟಿನಲ್ಲಿ ಕೊನ್ನೆ ಹೂ, ಅಂದರೆ ಕಕ್ಕೆ ಹೂ ಸಿಕ್ಕಿತು, ನಾಲ್ಕು ಕಡ್ಡಿಗೆ ಅವರು ಹೇಳಿದ ರೇಟು ಕೇಳಿ ಇವರಿಗೆ ಫೋನ್ ಮಾಡಿ ಹೇಳಿದೆ. "ನಮ್ಮ ಬೇಲಿಯಲ್ಲಿ ಉದುರುತ್ತಾ ಉಂಟು" ಅಂದರು.

ಎಲ್ಲ ಬೆಲ್ಲ ಅಂತ ತಿಳಿಯಬೇಡಿ. ಏಪ್ರಿಲಿನಲ್ಲಿ ಒಂದು ದಿನ ಧೂಳು ಗಾಳಿ ಎದ್ದು ಎದುರಿನ ಕಟ್ಟಡವೇ ಕಾಣಲಿಲ್ಲ, ಎಲ್ಲರೂ ಮತ್ತೆ ಮಾಸ್ಕ್ ಹುಡುಕಿದರು. ಕೆಲಸ ಹೋದವರಿಗೆ ಆ ವಸಂತ ಬರಲೇ ಇಲ್ಲ. ನನ್ನನ್ನು ಬಜ್ಪೆಯಿಂದ ಕರೆತಂದ ಡ್ರೈವರ್ ಉಂಟಲ್ಲ, ಅವನು ಹನ್ನೊಂದು ವರ್ಷ ದೇರಾದ ಒಂದು ಹೋಟೆಲಿನಲ್ಲಿ ಪರೋಟ ಮಾಡಿದವನು. 2020ರಲ್ಲಿ ಹೋಟೆಲ್ ಮುಚ್ಚಿತು. ಆಗ ಸರಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಒಂದು ಪೆಟ್ಟಿಗೆ ಹಿಡಿದು ಬಂದ. ದಾರಿ ಪೂರ್ತಿ "ನೈಫಿನಲ್ಲಿ ರಶ್ ಉಂಟಾ ಟೀಚರೇ? ಅಬ್ರಾ ಈಗಲೂ ಒಂದೇ ದಿರಮಾ?" ಅಂತ ಕೇಳುತ್ತಾ ಇದ್ದ. ಮತ್ತೆ ಅಲ್ಲಿ ಒಬ್ಬರು ಹೇಳಿದರೆ ಮುಗಿಯಿತು, ಯಾಕೆ ಅಂತ ಕೇಳುವ ಹಾಗಿಲ್ಲ. ನಮ್ಮಲ್ಲಿ ಕೇಳಬಹುದು. ಅದಕ್ಕೇ ಕೇಳುತ್ತಿದ್ದೇನೆ.

ಹೊರಡುವ ಮೊದಲು ಒಂದು ದಿನ ಮಗ ಅಬುಧಾಬಿಗೆ ಕರೆದುಕೊಂಡು ಹೋದ. ಸುಮಾರು 140 ಕಿಲೋಮೀಟರ್. ದಾರಿಯಲ್ಲಿ ಘಂತೂತ್ ಅಂತ ಒಂದು ಜಾಗ. ಅಲ್ಲಿಗೆ ದುಬೈ ಮುಗಿದು ಅಬುಧಾಬಿ ಶುರು. "ಅಮ್ಮಾ, ಇದು ನಮ್ಮ ತಲಪಾಡಿ" ಅಂದ.

ವಿಷಯ ಹೀಗೆ. ದೇಶ ಒಂದೇ, ರಾಜ ಬೇರೆ. 2020ರ ಜೂನಿನಿಂದ ದುಬೈಯವರು ಸುಮ್ನೆ ಅಬುಧಾಬಿಗೆ ಹೋಗುವ ಹಾಗಿರಲಿಲ್ಲ, ಟೆಸ್ಟು ಬೇಕು. ಗಡಿಯಲ್ಲೇ ಟೆಂಟು ಹಾಕಿ, 50 ದಿರಂ ತೆಗೆದುಕೊಂಡು, ಬೆರಳು ಚುಚ್ಚಿ ಲೇಸರಿನಲ್ಲಿ ನೋಡುವ ಟೆಸ್ಟು ಮಾಡುತ್ತಿದ್ದರು. ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು. ಬೆಳಿಗ್ಗೆ ಅಲ್ಲಿ ಕೆಲಸ, ರಾತ್ರಿ ಇಲ್ಲಿ ಮನೆ ಅನ್ನುವವರ ಪಾಡು ಕೇಳುವುದೇ ಬೇಡ. 2021ರ ಸೆಪ್ಟೆಂಬರ್ 19ಕ್ಕೆ ಅದನ್ನು ತೆಗೆದರು. ಡಿಸೆಂಬರ್ 19ಕ್ಕೆ ಇನ್ನೊಂದು ರೀತಿ ತಂದರು, ಸೋಂಕು ಹಿಡಿಯುವ ಸ್ಕ್ಯಾನರ್; 30ಕ್ಕೆ ಫೋನಿನಲ್ಲಿ ಲಸಿಕೆಯ ಹಸಿರು ಗುರುತೂ ಬೇಕು ಅಂದರು. 2022ರ ಫೆಬ್ರವರಿ 28ಕ್ಕೆ ಅದನ್ನೂ ತೆಗೆದರು. ನೋಡಿ, ಹಾಕಿದ್ದಕ್ಕೆ ತಾರೀಕು ಉಂಟು, ತೆಗೆದದ್ದಕ್ಕೂ ತಾರೀಕು ಉಂಟು. ನನ್ನಂಥ ಹೊರಗಿನವಳಿಗೂ ಬಾಯಿಪಾಠ ಆಗುವಷ್ಟು.

"ಎಲ್ಲಿತ್ತು ಅದು?" ಅಂತ ಕೇಳಿದೆ. ಮಗ ಕಾರನ್ನು ನಿಧಾನ ಮಾಡಲೂ ಇಲ್ಲ. "ಇಲ್ಲೇ ಎಲ್ಲೋ... ಹೋಯಿತು ನೋಡು, ದಾಟಿ ಬಂದಾಯಿತು." ನಾನು ತಿರುಗಿ ನೋಡಿದರೆ ಮರಳು, ಡಾಂಬರು, ಲೈಟು ಕಂಬ.

ಇನ್ನು ನಮ್ಮ ತಲಪಾಡಿ. 2020ರ ಮಾರ್ಚಿನಲ್ಲಿ ಹೆದ್ದಾರಿಗೂ ಹಳ್ಳಿ ದಾರಿಗಳಿಗೂ ಮಣ್ಣು ರಾಶಿ ಹಾಕಿದ್ದು ನಿಮಗೆ ಮರೆತಿರಲಾರದು. ಆಚೆಯವರಿಗೆ ಹೆದರಿಕೆ ಇತ್ತು, ಒಪ್ಪುತ್ತೇನೆ. ಕೇರಳದಲ್ಲಿ ಆಗ ಅತಿ ಹೆಚ್ಚು ರೋಗಿಗಳಿದ್ದದ್ದು ನಮ್ಮ ಜಿಲ್ಲೆಯಲ್ಲೇ. ಆದರೆ ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಅಜ್ಜನ ಕಾಲದಿಂದಲೂ ಅದೇ. ಕಾಸರಗೋಡಿನಿಂದ 50 ಕಿಲೋಮೀಟರ್. ನಮ್ಮ ಪಕ್ಕದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, ಮಣ್ಣು ರಾಶಿ ಬಿದ್ದ ಮೇಲೆ 2020ರ ಏಪ್ರಿಲಿನಲ್ಲಿ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಅಷ್ಟರಲ್ಲಿ ಆಂಬುಲೆನ್ಸುಗಳು ಗಡಿಯಿಂದ ಹಿಂದೆ ತಿರುಗಿ, ಆಸ್ಪತ್ರೆ ಮುಟ್ಟದೆ ಹೋದವರ ಸುದ್ದಿ ದಿನಾ ಪೇಪರಿನಲ್ಲಿ. ಕೇರಳ ಹೈಕೋರ್ಟು ಏಪ್ರಿಲ್ 1ರಂದು ತಡೆ ತೆಗೆಸಿ ಅಂದಿತು. ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರೋಗಿಗಳನ್ನು ಬಿಡಲು ಒಂದು ಕ್ರಮ ಒಪ್ಪಿದ್ದೇವೆ ಅಂತ ಏಪ್ರಿಲ್ 7ಕ್ಕೆ ಅಲ್ಲಿ ಹೇಳಿದ ಮೇಲೆ ಕೇಸು ಮುಗಿಯಿತು.

ಕೇಸು ಮುಗಿಯಿತು, ಗಡಿ ಮುಗಿಯಲಿಲ್ಲ. 2021ರ ಫೆಬ್ರವರಿಯಿಂದ 72 ಗಂಟೆ ಒಳಗಿನ ಟೆಸ್ಟಿನ ಕಾಗದ. ನಡುವೆ ಸಡಿಲ, ಆಗಸ್ಟಿನಲ್ಲಿ ಮತ್ತೆ ಬಿಗಿ. ದಿನಾ ಕಾಲೇಜಿಗೆ ಹೋಗುವ ಮಕ್ಕಳೂ ಆಗಾಗ ಮೂಗಿಗೆ ಕಡ್ಡಿ ಹಾಕಿಸಿಕೊಂಡರು.

ನಮ್ಮದು ಸಣ್ಣ ಕಥೆ. ಇವರ ಕಣ್ಣಿನ ಆಪರೇಷನ್ನಿಗೆ ದಿನ ಸಿಕ್ಕಿತ್ತು. ಟೆಸ್ಟು ಮಾಡಿಸಿದೆವು, ಕಾಗದ ಬಂತು, ಹೊರಟೆವು. ಗಡಿಯ ಒಂದು ಗೇಟಿನಲ್ಲಿ ನಿಲ್ಲಿಸಿದರು. ಯಾವ ಗೇಟು, ಯಾರು ಅಂತ ಬರೆಯುವುದಿಲ್ಲ, ಅದಲ್ಲ ವಿಷಯ. ಗಂಟೆ ಲೆಕ್ಕ ಹಾಕುವುದು ಮೂಗಿನಿಂದ ತೆಗೆದ ಹೊತ್ತಿನಿಂದಲೋ, ಕಾಗದ ಬಂದ ಹೊತ್ತಿನಿಂದಲೋ ಅಂತ ಚರ್ಚೆ. ಒಂದು ಲೆಕ್ಕಕ್ಕೆ ನಾವು ಒಳಗೆ, ಇನ್ನೊಂದು ಲೆಕ್ಕಕ್ಕೆ ಎರಡು ಗಂಟೆ ಹೊರಗೆ. ನೋಟೀಸು ತೋರಿಸಿ ಅಂದೆ. ಇಂಗ್ಲಿಷಿನಲ್ಲಿತ್ತು. ಓದಿದೆ. ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಅಲ್ಲಿದ್ದ ಪೊಲೀಸ್ ಹುಡುಗನಿಗೆ ನನ್ನ ಕೊನೇ ಬ್ಯಾಚಿನ ಮಕ್ಕಳ ಪ್ರಾಯ. ಪಾಪ, ಅವನೂ ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತವನು. "ಅಮ್ಮಾ, ನಮಗೂ ಇದು ಬಂದದ್ದು ವಾಟ್ಸಾಪಿನಲ್ಲಿ, ಇವತ್ತು ಬೆಳಿಗ್ಗೆ" ಅಂದ. ವಾಪಸ್ ಬಂದೆವು. ಇವರು ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಮನೆ ಮುಟ್ಟಿದ ಮೇಲೆ ದನಕ್ಕೆ ಹುಲ್ಲು ಹಾಕಲು ಹೋದರು. ಆಪರೇಷನ್ ಆದದ್ದು ಮೂರು ವಾರ ಕಳೆದು.

2022ರ ಫೆಬ್ರವರಿಯಲ್ಲಿ, ಲಸಿಕೆ ಹಾಕಿಸಿಕೊಂಡವರಿಗೆ ಆ ಟೆಸ್ಟು ಬೇಡ ಅಂತಾಯಿತು. ದುಬೈ ಟೆಸ್ಟು ರದ್ದಾದದ್ದೂ ಅದೇ ತಿಂಗಳು. ಆದರೆ ದುಬೈಯದ್ದು ನನಗೆ ಅದೇ ದಿನ ಗೊತ್ತಾಯಿತು. ತಲಪಾಡಿಯದ್ದು ಗೊತ್ತಾದದ್ದು ಮಾರ್ಚಿನಲ್ಲಿ ವಿಮಾನ ಹತ್ತಲು ಹೋಗುವಾಗ, ಯಾರೂ ನಿಲ್ಲಿಸದೆ ಇದ್ದಾಗ. ಕೈಯಲ್ಲಿ ಕಾಗದಗಳ ಫೈಲು ಹಿಡಿದು, ಗ್ಲಾಸು ಇಳಿಸಿ ಕೂತಿದ್ದೆ ನಾನು. ಹಾಕಿದ್ದನ್ನು ಹೇಳುವವರಿದ್ದರು. ತೆಗೆದದ್ದನ್ನು ನಮ್ಮ ಬಾಗಿಲಿಗೆ ಬಂದು ಹೇಳುವವರು ಇರಲಿಲ್ಲ. ತೆಗೆಯುವುದೂ ಒಂದು ಕೆಲಸ ಅಲ್ವಾ ಸಾಹೇಬರೇ? ಹಾಕಿದವರೇ ಮಾಡಬೇಕಾದ ಕೆಲಸ.

ನಾನು ಕೇಳುವುದು ಜಾಸ್ತಿ ಏನಲ್ಲ. ಇನ್ನೊಂದು ಜ್ವರ ಬರುವುದಿಲ್ಲ ಅಂತ ಯಾರೂ ಬರೆದು ಕೊಟ್ಟಿಲ್ಲ. ಬಂದಾಗ ಗಡಿಯಲ್ಲಿ ತಪಾಸಣೆ ಬೇಕಾದರೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಈಗ, ತಲೆ ತಣ್ಣಗಿರುವಾಗ, ಎರಡೂ ಬದಿಯವರು ಒಂದು ಮೇಜಿನಲ್ಲಿ ಕೂತು ಒಂದು ಪುಟ ಬರೆದಿಡಿ. ರೋಗಿ ಇರುವ ಗಾಡಿಯನ್ನು ಎಂಥ ಕಾಲದಲ್ಲೂ ತಿರುಗಿಸುವುದಿಲ್ಲ ಅಂತ. ಪ್ರತಿ ಸಲ ಕೋರ್ಟಿಗೆ ಹೋಗಿ ಆರು ದಿನ ಕಾಯಲು ನಮ್ಮ ಎದೆನೋವಿಗೆ, ಹೆರಿಗೆಗೆ ಪುರುಸೊತ್ತು ಇರುವುದಿಲ್ಲ. ಮತ್ತೆ ಯಾವ ನಿಯಮ ತಂದರೂ ಗಡಿಯಲ್ಲಿ ಒಂದು ಬೋರ್ಡು ಹಾಕಿ. ಮಲಯಾಳದಲ್ಲೂ ಕನ್ನಡದಲ್ಲೂ. ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲೇ ವ್ಯವಹಾರ ಮಾಡಬಹುದು ಅಂತ ಕೇರಳದ 1969ರ ಭಾಷಾ ಕಾಯ್ದೆಯೇ ಹೇಳುತ್ತದೆ. ಆಚೆಯವರಿಗಂತೂ ಕನ್ನಡ ರಾಜ್ಯದ ಭಾಷೆ. ಹಾಗಿದ್ದೂ ಎರಡು ಕನ್ನಡದ ನಡುವಿನ ಗೇಟಿನಲ್ಲಿ ನೋಟೀಸು ಇಂಗ್ಲಿಷಿನಲ್ಲಿ ಯಾಕೆ ಇತ್ತು ಅಂತ ನನಗೆ ಇಂದಿಗೂ ಅರ್ಥ ಆಗಿಲ್ಲ. ಬೋರ್ಡಿನಲ್ಲಿ ಎರಡು ತಾರೀಕು ಇರಲಿ, ಯಾವತ್ತಿನಿಂದ, ಯಾವತ್ತಿನವರೆಗೆ. ಮುಂದೆ ಹೋದರೆ ಎರಡನೆಯದನ್ನು ಅಳಿಸಿ ಬರೆಯಿರಿ. ನನ್ನ ತಮ್ಮನ ಮಗ ನೈಫಿನ ಮಂಚದಲ್ಲಿ ಮಲಗಿ ಕಲಿತ ವಿಷಯ ಅದು.

ಬೋರ್ಡು ಬರೆಯಲು ಜನ ಇಲ್ಲ, ಕನ್ನಡ ಟೈಪು ಇಲ್ಲ ಅಂದರೆ ಹೇಳಿ ಕಳಿಸಿ. 31 ವರ್ಷ ಕರಿಹಲಗೆಯಲ್ಲಿ ಬರೆದ ಕೈ, ಈಗಲೂ ಸಾಲು ಸೊಟ್ಟ ಆಗುವುದಿಲ್ಲ. ಬಣ್ಣ, ಬ್ರಷ್ ನಾನೇ ತರುತ್ತೇನೆ. ಮಲಯಾಳವೂ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ.

ಈಗ ಸದ್ಯಕ್ಕೆ ಆ ಶೆಡ್ಡು. ಮಳೆ ಶುರುವಾಗುವ ಮೊದಲು ಅದನ್ನು ತೆಗೆಸಿಬಿಡಿ. ಎರಡು ಜನ, ಅರ್ಧ ದಿನದ ಕೆಲಸ. ಅದು ಇದ್ದರೆ ಜನ ನಿಲ್ಲುತ್ತಾರೆ. ಒಳಗಿನ ಕುರ್ಚಿ ನಿಮಗೆ ಬೇಡದಿದ್ದರೆ ನಮ್ಮ ಡ್ರೈವರಿಗೆ ಬೇಕಂತೆ. ಕಾಲು ಸರಿ ಮಾಡಿಸಿ ಮನೆ ಎದುರು ಹಾಕಿಕೊಳ್ಳುತ್ತಾನಂತೆ. ಕೇಳಿ ನೋಡಿ ಅಂದಿದ್ದಾನೆ, ಕೇಳಿದ್ದೇನೆ.

ಇತಿ,
ಬದಿಯಡ್ಕ ಕಡೆಯ ಟೀಚರ್
2022 ಮೇ